ಜ್ಞಾಪಕಶಕ್ತಿ ಸೀಸೆಯಲ್ಲಿ ದೊರೆಯುವುದೇ?

ಫಾಲ್ಗುಣದ ಬಿಸಿಲು ಏರುವ ಹೊತ್ತಿಗೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಮನೆಗಳಲ್ಲಿ ಎರಡು ಚಿಂತೆಗಳು ಒಟ್ಟಿಗೆ ತಲೆಯೆತ್ತುತ್ತವೆ. ಒಂದು ನೀರಿನದು; ಇನ್ನೊಂದು ಎಸ್.ಎಸ್.ಎಲ್.ಸಿ. ಪರೀಕ್ಷೆಯದು. ನೀರಿನ ಚಿಂತೆಗೆ ಅಂಗಡಿಯಲ್ಲಿ ಮದ್ದಿಲ್ಲ. ಪರೀಕ್ಷೆಯ ಚಿಂತೆಗೆ ಮದ್ದುಂಟೆಂದು ಸಾರುವ ಸೀಸೆಗಳು ಮಾತ್ರ ಔಷಧದಂಗಡಿಯ ಗಾಜಿನ ಬೀರುವಿನಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಹೊರಗೆ ಮಿಂಚುವ ಮೆದುಳಿನ ಚಿತ್ರ, ಪದಕ ಧರಿಸಿದ ಬಾಲಕನ ನಗೆ. ಒಳಗೆ ಹತ್ತಾರು ಜೀವಸತ್ವಗಳನ್ನೂ ಲವಣಗಳನ್ನೂ ಕೂಡಿಸಿ ಕಟ್ಟಿದ ಗುಳಿಗೆ. ಮಗ್ಗದ ಕೂಲಿಯಲ್ಲಿ ಉಳಿಸಿದ ಹಣವನ್ನೋ, ಹಾಲಿನ ಡೇರಿಯ ಬಟವಾಡೆಯನ್ನೋ ಹಿಡಿದು ಬಂದ ತಂದೆತಾಯಿಗಳ ಪ್ರಶ್ನೆ ಒಂದೇ: ಇದನ್ನು ಕೊಟ್ಟರೆ ಮಗು ಓದಿದ್ದು ನೆನಪಿನಲ್ಲಿ ನಿಲ್ಲುವುದೇ?

ವಿಜ್ಞಾನ ಇದಕ್ಕೆ ‘ಹೌದು’ ಎಂದೂ ಹೇಳುವುದಿಲ್ಲ, ‘ಇಲ್ಲ’ ಎಂದೂ ಹೇಳುವುದಿಲ್ಲ. ‘ದೇಹದಲ್ಲಿ ಯಾವುದರ ಕೊರತೆಯಿದೆ?’ ಎಂದು ಮರುಪ್ರಶ್ನೆ ಹಾಕುತ್ತದೆ. ಕೊರತೆಯಿದ್ದಲ್ಲಿ ಅದನ್ನು ತುಂಬುವ ವಸ್ತು ಫಲ ಕೊಟ್ಟೀತು. ಇಲ್ಲದಲ್ಲಿ ಅದು ತುಂಬಿದ ಕೊಡಕ್ಕೆ ಸುರಿದ ನೀರು.

ಪ್ರಯೋಗಗಳು ಹೇಳಿದ್ದೇನು?

೧೯೮೮ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಒಂದು ವರದಿ ಪ್ರಕಟವಾಯಿತು. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ೧೨-೧೩ ವರ್ಷದ ಶಾಲಾಬಾಲಕರಿಗೆ ಎಂಟು ತಿಂಗಳು ಜೀವಸತ್ವ ಮತ್ತು ಲವಣಗಳ ಗುಳಿಗೆ ಕೊಟ್ಟಾಗ, ಅವರ ಬುದ್ಧಿಯ ಅಳತೆಯಲ್ಲಿ ಏರಿಕೆ ಕಂಡುಬಂತೆಂದು ಅದು ತಿಳಿಸಿತು. ಸುದ್ದಿ ಹಬ್ಬಿ ಅಂಗಡಿಗಳಲ್ಲಿ ಗುಳಿಗೆಗಳಿಗೆ ನೂಕುನುಗ್ಗಲಾಯಿತು. ಆದರೆ ಮುಂದೆ ಅದೇ ದೇಶದಲ್ಲಿ ಬೇರೆ ಮಕ್ಕಳ ಮೇಲೆ ಪ್ರಯೋಗವನ್ನು ಪುನಃ ನಡೆಸಿದವರಿಗೆ ಆ ಏರಿಕೆ ಕಾಣಲಿಲ್ಲ.

ದೂರದ ಮಾತೇಕೆ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ೬ರಿಂದ ೧೦ ವರ್ಷದ ೫೯೮ ಬಡ ಮಕ್ಕಳಿಗೆ ಒಂದು ವರ್ಷ ಪೋಷಕಾಂಶ ಬೆರೆಸಿದ ಆಹಾರ ಕೊಟ್ಟು ಪರೀಕ್ಷಿಸಿದರು. ಫಲಿತಾಂಶ ೨೦೦೯ರಲ್ಲಿ ಪ್ರಕಟವಾಯಿತು. ಹೆಚ್ಚು ಪೋಷಕಾಂಶ ಪಡೆದ ಮಕ್ಕಳು ತುಸು ಎತ್ತರ ಬೆಳೆದರು. ಆರನೆಯ ತಿಂಗಳಲ್ಲಿ ಅವರ ಅಲ್ಪಕಾಲದ ನೆನಪು ಕೊಂಚ ಮೇಲಾಗಿತ್ತು. ಆದರೆ ಹೊಸ ಸಮಸ್ಯೆಯನ್ನು ತರ್ಕದಿಂದ ಬಿಡಿಸುವುದರಲ್ಲಿ ಕಡಿಮೆ ಪಡೆದವರಿಗಿಂತ ಅವರೇ ತುಸು ಹಿಂದುಳಿದರು. ಒಟ್ಟು ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ತೋರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ೨೦೦೬ರಲ್ಲಿ ಪ್ರಕಟಿಸಿದ ೧೪ ತಿಂಗಳ ಪ್ರಯೋಗವೂ ಇದನ್ನೇ ಹೋಲುತ್ತದೆ: ಮಕ್ಕಳ ಅವಧಾನ, ಏಕಾಗ್ರತೆಗಳು ಸುಧಾರಿಸಿದವು, ನೆನಪಾಗಲಿ ಶಾಲೆಯ ಅಂಕಗಳಾಗಲಿ ಏರಲಿಲ್ಲ.

ವೃದ್ಧರ ಕಥೆ ಬೇರೆ. ಅಮೆರಿಕದಲ್ಲಿ ೬೫ ದಾಟಿದ ೫,೯೪೭ ವೈದ್ಯರನ್ನು ದೀರ್ಘಕಾಲ ಗಮನಿಸಿ ೨೦೧೩ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬಹುಜೀವಸತ್ವದ ಗುಳಿಗೆ ಮನಸ್ಸಿನ ಶಕ್ತಿಗೆ ನೆರವಾಗಲಿಲ್ಲ. ೨೦೨೨ರಿಂದ ೨೦೨೪ರ ನಡುವೆ ಪ್ರಕಟವಾದ ‘ಕಾಸ್ಮಾಸ್’ ಪರೀಕ್ಷೆಗಳಲ್ಲಿ ಮಾತ್ರ ೬೦ ದಾಟಿದವರ ನೆನಪಿಗೆ ಕಿರಿದಾದ ಲಾಭ ಕಂಡಿತು. ಅಜ್ಜನ ಈ ಕಿರು ಲಾಭವನ್ನು ಮೊಮ್ಮಗನ ಗಣಿತದ ಪರೀಕ್ಷೆಗೆ ಅನ್ವಯಿಸುವುದು ಸಲ್ಲದು.

ಹೊದಿಕೆಯ ಬರಹ

೧೯೪೫ರ ಔಷಧ ನಿಯಮಗಳಿಗೆ ‘ಜೆ’ ಎಂಬ ಅನುಸೂಚಿ ಉಂಟು. ಯಾವ ಯಾವ ವಿಷಯಗಳಲ್ಲಿ ಔಷಧವೊಂದು ಗುಣ ಮಾಡುತ್ತೇನೆಂದು ಹೇಳಿಕೊಳ್ಳಕೂಡದೋ ಅವುಗಳ ಪಟ್ಟಿ ಅದು. ಮೆದುಳಿನ ಸಾಮರ್ಥ್ಯವನ್ನು ಹೆಚ್ಚಿಸುವುದು, ಜ್ಞಾಪಕಶಕ್ತಿಯನ್ನು ಸುಧಾರಿಸುವುದು ಎಂಬ ಮಾತೂ ಆ ಪಟ್ಟಿಯಲ್ಲಿದೆ! ಆದುದರಿಂದಲೇ ಇಂಥ ಸೀಸೆಗಳಲ್ಲಿ ಅನೇಕವು ಔಷಧವೆಂದಲ್ಲ, ಆಹಾರವೆಂದು ಮಾರಾಟವಾಗುತ್ತವೆ. ಆಹಾರ ಸುರಕ್ಷತಾ ಪ್ರಾಧಿಕಾರದ ೧೪ ಅಂಕಿಗಳ ಪರವಾನಗಿ ಸಂಖ್ಯೆ, ‘ಆರೋಗ್ಯ ಪೂರಕ’ ಎಂಬ ಹೆಸರು, ‘ಔಷಧೋಪಯೋಗಕ್ಕಲ್ಲ’ ಎಂಬ ಎಚ್ಚರಿಕೆ ಇವು ಅದರ ಮೇಲೆ ಇರತಕ್ಕದ್ದು. ‘ನೆನಪಿಗೆ ಬೆಂಬಲ’, ‘ಏಕಾಗ್ರತೆಗೆ ಸಹಾಯಕ’ ಎಂಬ ಜಾಣ ಮಾತುಗಳು ದೊಡ್ಡ ಅಕ್ಷರದಲ್ಲಿರುತ್ತವೆ. ಎಚ್ಚರಿಕೆಯನ್ನು ಹುಡುಕಿಕೊಂಡು ಓದಬೇಕು.

ಕೆಲವು ಸೀಸೆಗಳಲ್ಲಿ ‘ಬ್ರಾಹ್ಮಿ’ಯ ಹೆಸರೂ ಇರುತ್ತದೆ. ಕನ್ನಡನಾಡಿನಲ್ಲಿ ಬ್ರಾಹ್ಮಿಯೆಂದರೆ ಬಹುಜನರಿಗೆ ಒಂದೆಲಗ. ದುಂಡನೆಯ ಒಂಟಿ ಎಲೆಯ, ತಂಬುಳಿಗೆ ಒದಗುವ ಸೊಪ್ಪು. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸಿದ್ದು ಬೇರೊಂದು ಗಿಡ, ದಪ್ಪ ಸಣ್ಣೆಲೆಯ ನೀರುಬ್ರಾಹ್ಮಿ. ಅದರ ಸಾರವನ್ನು ಸುಮಾರು ೧೨ ವಾರ ಸೇವಿಸಿದ ವಯಸ್ಕರಲ್ಲಿ ಕೆಲವು ಪ್ರಯೋಗಗಳು ಅಲ್ಪ ಲಾಭವನ್ನು ಕಂಡಿವೆ. ಪರೀಕ್ಷೆಗೆ ಒಂದು ವಾರವಿರುವಾಗ ತಂದರೆ ಆ ಅಲ್ಪವೂ ದೊರೆಯದು.

ನಿಜವಾದ ಕೊರತೆಗಳು

ಹಾಗಾದರೆ ಮಗುವಿನ ಮರೆವಿಗೆ ಕಾರಣವೇ ಇಲ್ಲವೇ ಎಂದು ವಾಚಕರು ಕೇಳಬಹುದು. ಉಂಟು. ಮೊದಲನೆಯದು ಕಬ್ಬಿಣದ ಕೊರತೆ. ರಕ್ತಹೀನ ಮಗು ತರಗತಿಯಲ್ಲಿ ಬೇಗ ಬಳಲುತ್ತದೆ, ಗಮನ ಚದರುತ್ತದೆ. ಅದನ್ನೇ ನಾವು ದಡ್ಡತನವೆಂದು ಗದರಿಸುತ್ತೇವೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರು. ಇಂಥ ಮಕ್ಕಳಿಗೆ ಕಬ್ಬಿಣ ಕೊಟ್ಟರೆ ಗಮನವೂ ಕಲಿಕೆಯೂ ಸುಧಾರಿಸುವುದಕ್ಕೆ ಆಧಾರಗಳಿವೆ.

ಆ ಗುಳಿಗೆಗೆ ಹಣ ತೆರಬೇಕಾಗಿಲ್ಲ. ೨೦೧೮ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಂತೆ ೧೦ರಿಂದ ೧೯ ವರ್ಷದವರಿಗೆ ವಾರಕ್ಕೊಂದು ನೀಲಿ ಗುಳಿಗೆ ಉಚಿತ: ೬೦ ಮಿಲಿಗ್ರಾಂ ಕಬ್ಬಿಣ, ೫೦೦ ಮೈಕ್ರೋಗ್ರಾಂ ಫೋಲಿಕ್ ಆಮ್ಲ. ರಕ್ತ ಹೀರುವ ಕೊಕ್ಕೆಹುಳುವಿಗೆ ಜಂತುನಾಶಕವೂ ಶಾಲೆಯಲ್ಲಿಯೇ ದೊರೆಯುತ್ತದೆ. ಬರಿಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರಬಹುದು. ಊಟದ ಬಳಿಕ ನುಂಗುವುದು ಮೇಲು. ಬಿಟ್ಟಿ ಬಂದುದೆಂಬ ಕಾರಣಕ್ಕೆ ಈ ನೀಲಿ ಗುಳಿಗೆಗೆ ಮರ್ಯಾದೆ ಕಡಿಮೆ. ಶಾಲೆಯ ಕಿಟಕಿಯಿಂದ ಅದು ಆಚೆ ಬಿದ್ದು, ಸಂಜೆ ಅದೇ ಮಗುವಿಗಾಗಿ ನೂರಾರು ರೂಪಾಯಿನ ಸೀಸೆ ಮನೆಗೆ ಬಂದರೆ ಅದಕ್ಕಿಂತ ನಷ್ಟದ ವ್ಯಾಪಾರವುಂಟೇ?

ಊಟದ ಮಾತೂ ಇಲ್ಲಿಯೇ ಸೇರಿದೆ. ಈ ಸೀಮೆಯ ರಾಗಿಯಲ್ಲಿ ಸುಣ್ಣದ ಅಂಶ ಹೇರಳ, ಕಬ್ಬಿಣವೂ ಉಂಟು. ಆದರೆ ಧಾನ್ಯದಲ್ಲಿರುವ ಫೈಟಿಕ್ ಆಮ್ಲ ಆ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಆ ಅಡ್ಡಿ ತಗ್ಗುತ್ತದೆ. ಮುದ್ದೆ, ಸೊಪ್ಪಿನ ಬಸ್ಸಾರುಗಳ ಜೊತೆಗೆ ನಿಂಬೆಯ ಹುಳಿಯೋ, ದೇವನಹಳ್ಳಿಯ ಹೆಸರಾದ ಚಕ್ಕೋತದ ನಾಲ್ಕು ತೊಳೆಯೋ ಇದ್ದರೆ ಅದರ ‘ಸಿ’ ಜೀವಸತ್ವ ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿದ ಚಹಾ ಅದನ್ನು ಕೆಡಿಸುತ್ತದೆ.

ಎರಡನೆಯದು ಅಯೋಡಿನ್. ಗರ್ಭಿಣಿಗೆ ಅದು ಸಾಲದಿದ್ದರೆ ಹುಟ್ಟುವ ಮಗುವಿನ ಮೆದುಳೇ ಸೊರಗುತ್ತದೆ. ಆ ನಷ್ಟವನ್ನು ಮುಂದೆ ಯಾವ ಸೀಸೆಯೂ ತುಂಬಿಕೊಡದು. ಅಗ್ಗದ ಕಲ್ಲುಪ್ಪಿಗೆ ಬದಲು ಅಯೋಡಿನ್ ಬೆರೆಸಿದ ಉಪ್ಪು ಸಾಕು. ಮೂರನೆಯದು ‘ಬಿ೧೨’ ಜೀವಸತ್ವ. ಹಾಲು, ಮೊಸರು, ಮೊಟ್ಟೆಗಳು ಅಪರೂಪವಾದ ಸಸ್ಯಾಹಾರಿಗಳಲ್ಲಿ, ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಗುಳಿಗೆಯನ್ನು ಬಹುಕಾಲ ಸೇವಿಸಿದ ಹಿರಿಯರಲ್ಲಿ ಇದು ಕಡಿಮೆಯಾಗಿ ಮರೆವು, ಕೈಕಾಲು ಜುಮುಗುಟ್ಟುವುದು ಕಾಣಿಸಿಕೊಳ್ಳಬಹುದು. ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಬೇಗ ಗುರುತಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ನಾಲ್ಕನೆಯದು ನಿದ್ರೆ. ಹಗಲು ಓದಿದ್ದು ಮೆದುಳಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿ. ಹದಿಹರೆಯದವರಿಗೆ ಎಂಟು ಗಂಟೆಯಾದರೂ ನಿದ್ರೆ ಬೇಕು. ದೊಡ್ಡಬಳ್ಳಾಪುರದ ಎಷ್ಟೋ ಮನೆಗಳಲ್ಲಿ ಮಗ್ಗದ ಸದ್ದಿನ ಪಕ್ಕದಲ್ಲಿಯೇ ಮಗುವಿನ ಓದು, ಮಗುವಿನ ಹಾಸಿಗೆ. ಪರೀಕ್ಷೆಯ ಎರಡು ತಿಂಗಳಾದರೂ ರಾತ್ರಿ ಬೇಗನೆ ವಿದ್ಯುತ್ ಮಗ್ಗ ನಿಲ್ಲುವುದಾದರೆ, ಸೀಸೆಯಿಂದ ಬರಬಹುದೆಂದು ಆಶಿಸಿದ್ದಕ್ಕಿಂತ ಹೆಚ್ಚಿನದು ಬಂದೀತು. ಆದರೆ ಕೂಲಿ ನಿಲ್ಲಿಸುವುದು ಸುಲಭವಲ್ಲವೆಂಬುದೂ ನಿಜ; ಆ ಮನೆಗಳಿಗೆ ಊರಿನ ಶಾಲೆಯೋ ಗ್ರಂಥಾಲಯವೋ ಸಂಜೆ ಬಾಗಿಲು ತೆರೆದಿಟ್ಟರೆ ಅದೇ ದೊಡ್ಡ ಉಪಕಾರ.

ಹೆಚ್ಚು ಕೊಟ್ಟರೆ ನಷ್ಟವೇನು ಎಂಬ ಮಾತೂ ಕೇಳಿಬರುತ್ತದೆ. ‘ಎ’, ‘ಡಿ’ ಜೀವಸತ್ವಗಳು ಮಿತಿಮೀರಿದರೆ ಮೈಯಲ್ಲಿ ಶೇಖರವಾಗಿ ವಿಷವಾಗುತ್ತವೆ. ಕಬ್ಬಿಣದ ಗುಳಿಗೆಗಳನ್ನು ಎಳೆಮಗು ಮಿಠಾಯಿಯೆಂದು ತಿಂದರೆ ಪ್ರಾಣಕ್ಕೇ ಸಂಚಕಾರ.

ಸೀಸೆಗೆ ಕೈಚಾಚುವ ಮೊದಲು ಮಗುವನ್ನು ಹತ್ತಿರದ ಆರೋಗ್ಯಕೇಂದ್ರಕ್ಕೆ ಕರೆದೊಯ್ದು ಹಿಮೋಗ್ಲೋಬಿನ್ ನೋಡಿಸುವುದು, ಕಣ್ಣು ಕಿವಿಗಳನ್ನು ಪರೀಕ್ಷಿಸುವುದು ಲೇಸು. ಕೊರತೆ ಕಂಡರೆ ವೈದ್ಯರು ಅದಕ್ಕೆ ತಕ್ಕುದನ್ನು ಬರೆದುಕೊಡುತ್ತಾರೆ. ಕಾಣದಿದ್ದರೆ ಸೀಸೆಗೆಂದು ಎತ್ತಿಟ್ಟ ಹಣದಿಂದ ಮನೆಗೆ ಮೊಟ್ಟೆ, ಹಣ್ಣು, ಹಾಲು ಬರಲಿ. ಅವುಗಳ ಮೇಲೆ ಮೆದುಳಿನ ಚಿತ್ರ ಇರುವುದಿಲ್ಲ, ಅಷ್ಟೆ.