ಆಕ್ ಕಲಿಯುವುದಾದರೆ ಕನ್ನಡದ ಕಡತದಲ್ಲೇ

ಪಠ್ಯವನ್ನು ಸಾಲುಸಾಲಾಗಿ ಓದಿ, ಬೇಕಾದುದನ್ನು ಆರಿಸಿ, ಎಣಿಸಿ, ತಿದ್ದಿಕೊಡುವ ಪುಟ್ಟ ಕಂಪ್ಯೂಟರ್ ಭಾಷೆ ಆಕ್. 1977ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಆಹೊ, ವೈನ್‌ಬರ್ಗರ್, ಕರ್ನಿಗನ್ ಎಂಬ ಮೂವರು ಇದನ್ನು ಕಟ್ಟಿದರು. ಅವರ ಹೆಸರಿನ ಮೊದಲಕ್ಷರಗಳೇ ಇದರ ಹೆಸರಾದವು. ‘ಇಂಥ ಗುರುತು ಕಂಡರೆ ಇಂಥ ಕೆಲಸ ಮಾಡು’ ಎನ್ನುವುದಷ್ಟೇ ಇದರ ವ್ಯಾಕರಣ. ಪಠ್ಯಪುಸ್ತಕಗಳು ಅಭ್ಯಾಸಕ್ಕೆ ಇಂಗ್ಲಿಷ್ ಕಡತ ಕೊಡುತ್ತವೆ. ಚಿತ್ತಾಪುರ, ಸೇಡಂ ಕಡೆಯ ವಿದ್ಯಾರ್ಥಿಗಳು ಮಾತ್ರ ಮೊದಲ ಪಾಠದಿಂದಲೇ ತಮ್ಮ ತಾಲ್ಲೂಕಿನ ಊರುಗಳ ಪಟ್ಟಿಯನ್ನು ಇಟ್ಟುಕೊಂಡು ಕಲಿಯಬೇಕು ಎಂಬುದು ನನ್ನ ವಾದ. ಇಂಗ್ಲಿಷ್ ಕಡತ ಮರೆಮಾಚುವ ಪಾಠವೊಂದು ಅಲ್ಲಿ ಮೊದಲ ಹೆಸರಿಗೇ ಎದುರಾಗುತ್ತದೆ.

‘ಚಿತ್ತಾಪುರ’ವನ್ನೇ ನೋಡಿ. ಓದುವವರಿಗೆ ನಾಲ್ಕು ಅಕ್ಷರ: ಚಿ, ತ್ತಾ, ಪು, ರ. ಯೂನಿಕೋಡ್ ಮಾತ್ರ ಇದನ್ನು ಒಂಬತ್ತು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಗುಣಿತದ ಚಿಹ್ನೆ, ಹಲಂತ, ಒತ್ತಾಗುವ ವ್ಯಂಜನ ಎಲ್ಲವೂ ಬೇರೆಬೇರೆ. ಸಂಕೇತಗಳನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಇಲ್ಲಿನ ಒಂದೊಂದಕ್ಕೂ 3 ಬೈಟ್, ಒಟ್ಟು 27. ಬೈಟ್ ಎಣಿಸುವ ಆಕ್ 27 ಎನ್ನುತ್ತದೆ. 2022ರಲ್ಲಿ, ತಮ್ಮ ಎಂಬತ್ತರ ವಯಸ್ಸಿನಲ್ಲಿ, ಕರ್ನಿಗನ್ ಅವರೇ ಯೂನಿಕೋಡ್ ಅರಿವು ಸೇರಿಸಿದ ಆಕ್ 9 ಎನ್ನುತ್ತದೆ. 4 ಎಂದು ತಾನಾಗಿ ಯಾವುದೂ ಹೇಳುವುದಿಲ್ಲ. ಯೂನಿಕೋಡ್ ಅರಿತ ಆಕ್‌ಗೆ ಮೊದಲ ನಾಲ್ಕನ್ನು ಕತ್ತರಿಸಿ ಕೊಡು ಎಂದರೆ ‘ಚಿತ್’ ಕೈಗೆ ಬರುತ್ತದೆ. ಇದನ್ನು ಸರಿಪಡಿಸಲು ಎರಡೇ ಹೆಜ್ಜೆ ಸಾಕು. ಹಲಂತವನ್ನೂ ಅದರ ಬೆನ್ನಿಗಿರುವ ವ್ಯಂಜನವನ್ನೂ ಅಳಿಸಿದರೆ ‘ಚಿತಾಪುರ’. ಉಳಿದ ಗುಣಿತದ ಚಿಹ್ನೆಗಳನ್ನು ತೆಗೆದರೆ ‘ಚತಪರ’, ಅಂದರೆ ನಾಲ್ಕು. ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇರುವುದು ಸೇಡಂ ತಾಲ್ಲೂಕಿನಲ್ಲೇ. ಅಂಥ ಹಳಗನ್ನಡ ಪದ್ಯಗಳ ಆದಿಪ್ರಾಸವನ್ನು ಕಂಪ್ಯೂಟರಿನಲ್ಲಿ ಹುಡುಕಲು ಹೊರಟರೂ ಮೊದಲು ಈ ಅಕ್ಷರದ ಲೆಕ್ಕವೇ ಬಗೆಹರಿಯಬೇಕು.

ಎಕ್ಸೆಲ್ ಇರುವಾಗ ಇದೆಲ್ಲ ಏಕೆ ಎಂದು ಕೇಳಬಹುದು. ಸಣ್ಣ ಪಟ್ಟಿಗೆ ಎಕ್ಸೆಲ್ ಸಾಕು, ನಿಜ. ಆದರೆ ಉದ್ದ ಅಳೆಯುವ ಅದರ ಸೂತ್ರವೂ 9 ಎಂದೇ ಉತ್ತರಿಸುತ್ತದೆ. ಸಾವಿರಾರು ಪುಟಗಳ ಪಠ್ಯಕ್ಕೆ ಅದು ಒಗ್ಗುವುದೂ ಇಲ್ಲ. ನಮ್ಮ ಭಾಷೆಯಲ್ಲಿ ಊರಿನ ಹೆಸರು ಒಂದೇ ರೂಪದಲ್ಲಿ ನಿಲ್ಲುವುದಿಲ್ಲ: ರಾವೂರ, ರಾವೂರು, ರಾವೂರಿಗೆ, ರಾವೂರಿನಿಂದ. ಎಣಿಕೆಯಲ್ಲಿ ತೊಡಕಾದ ಬಿಡಿಬಿಡಿ ಸಂಕೇತಗಳೇ ಹುಡುಕಾಟದಲ್ಲಿ ನೆರವಾಗುತ್ತವೆ. ‘ರಾವೂರ’ ಎಂಬಷ್ಟನ್ನೇ ಗುರುತಾಗಿ ಕೊಟ್ಟರೆ ಆ ನಾಲ್ಕೂ ರೂಪಗಳು ಸಿಗುತ್ತವೆ. ಇನ್ನು, ಎಐಯನ್ನು ಕೇಳಿದರೆ ಆಜ್ಞೆಯನ್ನು ಅದೇ ಬರೆದುಕೊಡುತ್ತದಲ್ಲ ಎನ್ನುವ ಆಕ್ಷೇಪ ಹೆಚ್ಚು ತೂಕದ್ದು. ಬರೆದುಕೊಡುತ್ತದೆ, ಒಪ್ಪೋಣ. ಅದು ಕೊಟ್ಟ ಆಜ್ಞೆ 9 ಎಂದಾಗ, ಕೇಳಿದ್ದು ಸಂಕೇತವನ್ನಲ್ಲ, ಅಕ್ಷರವನ್ನು ಎಂದು ಹಿಡಿಯಬೇಕಾದವರು ನಾವೇ. ಮೂರು ಲೆಕ್ಕಗಳ ವ್ಯತ್ಯಾಸ ತಿಳಿಯದವರಿಗೆ ಆ ತಪ್ಪು ಕಾಣಿಸುವುದೇ ಇಲ್ಲ. ಆಜ್ಞೆಗಳು ಇಂಗ್ಲಿಷಿನಲ್ಲಿವೆ ಎಂಬುದು ನಿಜವಾದ ಅಡಚಣೆ, ಆದರೆ ಆರಂಭಕ್ಕೆ ಬೇಕಾಗುವ ಪದಗಳು ಹತ್ತಿಪ್ಪತ್ತು ಮಾತ್ರ. ಹಳೆಯ ನುಡಿ ಫಾಂಟಿನ ಕಡತಗಳನ್ನು ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ. ಇಲ್ಲವಾದರೆ ಆಕ್‌ಗೆ ಅಲ್ಲಿ ಕನ್ನಡವೇ ಸಿಗದು. ಆಮೇಲೆ ‘ಚಿಂಚೋಳಿ’ಯಿಂದ ಶುರು ಮಾಡಿ: ಬೈಟ್ 21, ಸಂಕೇತ 7, ಅಕ್ಷರ 3 ಬರಬೇಕು.