ದಾರಿ ತೋರುವ ಗಡಿಯಾರಗಳು

ಹೊಸ ಊರಿನಲ್ಲಿ ದಾರಿ ತಿಳಿಯದವನು ಹಿಂದೆ ರಸ್ತೆಬದಿಯ ಅಂಗಡಿಯವನನ್ನು ಕೇಳುತ್ತಿದ್ದನು. ಇಂದು ಅವನು ಕಾರಿನಲ್ಲಿರುವ ಅಂಗೈಯಗಲದ ಉಪಕರಣವನ್ನು ಕೇಳುತ್ತಾನೆ. “ಮುನ್ನೂರು ಮೀಟರ್ ಮುಂದೆ ಹೋಗಿ ಎಡಕ್ಕೆ ತಿರುಗಿ” ಎಂದು ಅದು ನುಡಿಯುತ್ತದೆ. ಬಹುಮಟ್ಟಿಗೆ ಅದು ಹೇಳಿದ್ದು ಸರಿಯಾಗಿಯೇ ಇರುತ್ತದೆ. ಆದರೆ ಇದೇ ಉಪಕರಣವು ಒಮ್ಮೊಮ್ಮೆ ವಿಚಿತ್ರವಾಗಿ ವರ್ತಿಸುವುದೂ ಉಂಟು. ನಿಂತ ಕಾರು ಯಾವ ಕಡೆಗೆ ಮುಖ ಮಾಡಿದೆಯೆಂಬುದನ್ನು ತಪ್ಪಾಗಿ ತೋರಿಸುತ್ತದೆ, ಮೇಲುಸೇತುವೆಯ ಮೇಲಿರುವಾಗ ಕೆಳಗಿನ ರಸ್ತೆಯಲ್ಲಿರುವೆವೆಂದು ಭಾವಿಸುತ್ತದೆ, ಸುರಂಗದಲ್ಲಿ ತಬ್ಬಿಬ್ಬಾಗುತ್ತದೆ. ಇದಕ್ಕೆ ಕಾರಣವೇನು? ಈ ಉಪಕರಣಕ್ಕೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬುದನ್ನು ವಿಚಾರಿಸಿದರೆ ಉತ್ತರವು ತಾನಾಗಿಯೇ ಹೊಳೆಯುತ್ತದೆ.

ಗುಡಿಯೊಂದರಲ್ಲಿ ಬೆಳಗ್ಗೆ ಸರಿಯಾಗಿ ಆರಕ್ಕೆ ಗಂಟೆ ಬಾರಿಸುವರೆಂದು ಇಟ್ಟುಕೊಳ್ಳೋಣ. ಹೊಲದಲ್ಲಿ ನಿಂತಿರುವ ನಿಮಗೆ ಅದರ ದನಿಯು ಮೂರು ಸೆಕೆಂಡು ತಡವಾಗಿ ಕೇಳಿಸಿತು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ ಗುಡಿಯು ನಿಮ್ಮಿಂದ ಒಂದು ಕಿಲೋಮೀಟರಿನಷ್ಟು ದೂರದಲ್ಲಿರಬೇಕು. ಗುಡಿಯನ್ನು ಕೇಂದ್ರವಾಗಿಟ್ಟು ಅಷ್ಟೇ ತ್ರಿಜ್ಯದ ವೃತ್ತವನ್ನೆಳೆದರೆ ನೀವು ಅದರ ಮೇಲೆ ಎಲ್ಲೋ ಒಂದೆಡೆ ಇದ್ದೀರಿ. ನೆರೆಯೂರಿನ ಗಂಟೆಯೂ ಕೇಳಿಸಿದರೆ ಇನ್ನೊಂದು ವೃತ್ತ ದೊರೆಯುತ್ತದೆ. ಎರಡು ವೃತ್ತಗಳು ಎರಡು ಬಿಂದುಗಳಲ್ಲಿ ಛೇದಿಸುತ್ತವೆ. ಅವುಗಳಲ್ಲಿ ನಿಮ್ಮ ಸ್ಥಾನ ಯಾವುದೆಂಬುದನ್ನು ಮೂರನೆಯ ಗಂಟೆಯು ನಿಶ್ಚಯಿಸುತ್ತದೆ.

ಜಿ.ಪಿ.ಎಸ್. ವ್ಯವಸ್ಥೆಯ ಮೂಲತತ್ತ್ವ ಇಷ್ಟೇ. ಇಲ್ಲಿ ಗುಡಿಗಳ ಬದಲು ಕೃತಕ ಉಪಗ್ರಹಗಳಿವೆ. ದನಿಯ ಬದಲು ರೇಡಿಯೋ ಅಲೆಗಳಿವೆ. ಅಮೆರಿಕದ ಸೇನೆಯು ಇದರ ಮೊದಲ ಉಪಗ್ರಹವನ್ನು 1978ರಲ್ಲಿ ಹಾರಿಸಿತು. ನಾಗರಿಕರಿಗೆ ದೊರೆಯುವ ಸಂಕೇತಗಳ ನಿಖರತೆಯನ್ನು ಬೇಕೆಂದೇ ತಗ್ಗಿಸುವ ಪದ್ಧತಿಯನ್ನು 2000ದ ಮೇ ತಿಂಗಳಿನಲ್ಲಿ ಕೈಬಿಡಲಾಯಿತು. ಈ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ದಿನಕ್ಕೆ ಎರಡು ಬಾರಿ ಭೂಮಿಯನ್ನು ಸುತ್ತುತ್ತವೆ. ರಷ್ಯದ ಗ್ಲೋನಾಸ್, ಯೂರೋಪಿನ ಗೆಲಿಲಿಯೋ, ಚೀನದ ಬೈಡೋ, ಭಾರತದ ನಾವಿಕ್ ವ್ಯವಸ್ಥೆಗಳಿಗೂ ಇದೇ ತತ್ತ್ವವು ಆಧಾರ.

ರೇಡಿಯೋ ಅಲೆಯು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ವೇಗದಲ್ಲಿ ಸಾಗುತ್ತದೆ. ಆದುದರಿಂದ ಕಾಲವನ್ನು ಅಳೆಯುವಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಅದಕ್ಕಾಗಿಯೇ ಪ್ರತಿಯೊಂದು ಉಪಗ್ರಹದಲ್ಲಿಯೂ ಪರಮಾಣು ಗಡಿಯಾರಗಳನ್ನಿಟ್ಟಿದ್ದಾರೆ. ನಮ್ಮ ಕೈಯಲ್ಲಿರುವ ಉಪಕರಣದಲ್ಲಾದರೋ ಇರುವುದು ಅಗ್ಗದ ಗಡಿಯಾರ. ಅದರ ತಪ್ಪೆಷ್ಟೆಂಬುದನ್ನೂ ಲೆಕ್ಕದಿಂದಲೇ ಕಂಡುಹಿಡಿಯಬೇಕು. ಅಕ್ಷಾಂಶ, ರೇಖಾಂಶ, ಎತ್ತರ, ಕಾಲ—ಹೀಗೆ ಅಜ್ಞಾತಗಳು ನಾಲ್ಕು. ನಾಲ್ಕು ಅಜ್ಞಾತಗಳಿಗೆ ನಾಲ್ಕು ಸಮೀಕರಣಗಳು ಬೇಕೆಂಬುದು ಬೀಜಗಣಿತ ಬಲ್ಲವರಿಗೆ ತಿಳಿದೇ ಇದೆ. ಹೀಗಾಗಿ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ದೊರೆಯಬೇಕು.

ಇನ್ನೊಂದು ಸೋಜಿಗವೂ ಇಲ್ಲಿದೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ಗುರುತ್ವಾಕರ್ಷಣೆ ಕಡಿಮೆಯಿರುವ ಎತ್ತರದಲ್ಲಿ ಗಡಿಯಾರವು ಬೇಗ ನಡೆಯುತ್ತದೆ. ವೇಗವಾಗಿ ಚಲಿಸುವ ಗಡಿಯಾರವು ನಿಧಾನವಾಗುತ್ತದೆ. ಮೊದಲನೆಯ ಕಾರಣದಿಂದ ಉಪಗ್ರಹದ ಗಡಿಯಾರವು ದಿನಕ್ಕೆ ಸುಮಾರು 45 ಮೈಕ್ರೊಸೆಕೆಂಡು ಮುಂದೆ ಓಡುತ್ತದೆ. ಎರಡನೆಯದರಿಂದ 7 ಮೈಕ್ರೊಸೆಕೆಂಡು ಹಿಂದೆ ಬೀಳುತ್ತದೆ. ಉಳಿಯುವ ವ್ಯತ್ಯಾಸವು 38 ಮೈಕ್ರೊಸೆಕೆಂಡು, ಅಂದರೆ ಬೆಳಕು 11 ಕಿ.ಮೀ. ಸಾಗುವ ಕಾಲ. ಈ ವ್ಯತ್ಯಾಸವನ್ನು ಮೊದಲೇ ಸರಿಪಡಿಸಿರುವುದರಿಂದಲೇ ನಮ್ಮ ಉಪಕರಣವು ಬೀದಿಯನ್ನು ಗುರುತಿಸಬಲ್ಲುದಾಗಿದೆ.

ಈಗ ಮೊದಲು ಹೇಳಿದ ಒಗಟುಗಳನ್ನು ಬಿಡಿಸುವುದು ಸುಲಭ. ಉಪಗ್ರಹಗಳಿಂದ ದೊರೆಯುವುದು ಮುಖ್ಯವಾಗಿ ಸ್ಥಾನದ ಅರಿವು. ಚಲಿಸುತ್ತಿರುವ ಕಾರಿನ ದಿಕ್ಕನ್ನು ಅದರ ಚಲನೆಯಿಂದಲೇ ತಿಳಿಯಬಹುದು. ನಿಂತ ಕಾರಿನ ಮುಖ ಎತ್ತ ಎಂಬುದನ್ನು ಹಾಗೆ ತಿಳಿಯಲಾಗದು. ನಾಲ್ಕು ಹೆಜ್ಜೆ ಸಾಗಿದೊಡನೆ ತಪ್ಪು ತಿದ್ದಿಕೊಳ್ಳುವುದು ಅದರಿಂದಲೇ. ಎತ್ತರವಾದ ಕಟ್ಟಡಗಳ ನಡುವೆ ಅಲೆಗಳು ಗೋಡೆಗೆ ಬಡಿದು ಸುತ್ತಿ ಬರುತ್ತವೆ. ತಡವಾಗಿ ಬಂದ ಅಲೆಯು ದೂರವನ್ನು ಹೆಚ್ಚಾಗಿ ತೋರಿಸುತ್ತದೆ. ಸುರಂಗದೊಳಕ್ಕೆ ಅಲೆಗಳು ಬಾರವು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ 2010ರಲ್ಲಿ ತೆರೆದ ಮೇಲುರಸ್ತೆಯಂತಹ ಕಡೆಗಳಲ್ಲಿ ಒಂದೇ ಅಕ್ಷಾಂಶ ರೇಖಾಂಶಗಳಲ್ಲಿ ಎರಡು ರಸ್ತೆಗಳಿರುತ್ತವೆ. ಎಲ್ಲ ಉಪಗ್ರಹಗಳೂ ನಮ್ಮ ಮೇಲುಗಡೆಯೇ ಇರುವುದರಿಂದ ಎತ್ತರದ ಲೆಕ್ಕದಲ್ಲಿ ತಪ್ಪು ಹೆಚ್ಚು. ಆದುದರಿಂದ ಮೇಲಿನದೋ ಕೆಳಗಿನದೋ ಎಂದು ಉಪಕರಣವು ತಡವರಿಸುತ್ತದೆ.

ಉಪಗ್ರಹವು ಮೇಲಿನಿಂದ ನಮ್ಮ ಕಾರನ್ನು ನೋಡುತ್ತಿದೆಯೆಂದು ಹಲವರು ನಂಬಿದ್ದಾರೆ. ಇದು ಸರಿಯಲ್ಲ. ಉಪಗ್ರಹವು ಗಂಟೆ ಬಾರಿಸುತ್ತದೆ, ಅಷ್ಟೇ. ಯಾರು ಕೇಳಿದರೆಂಬುದು ಅದಕ್ಕೆ ತಿಳಿಯದು. ನಮ್ಮ ಉಪಕರಣವು ಬರಿದೆ ಆಲಿಸುತ್ತದೆ. ಘಟ್ಟದ ದಾರಿಯಲ್ಲಿ ಮೊಬೈಲ್ ಸಂಪರ್ಕ ಕಡಿದುಹೋದರೂ ನಕ್ಷೆಯ ಮೇಲಿನ ಚುಕ್ಕೆಯು ಚಲಿಸುತ್ತಲೇ ಇರುವುದನ್ನು ನೀವು ಗಮನಿಸಿರಬಹುದು. ಚುಕ್ಕೆಗೆ ಉಪಗ್ರಹವು ಸಾಕು. ಹೊಸ ನಕ್ಷೆಗೂ ವಾಹನ ದಟ್ಟಣೆಯ ಸುದ್ದಿಗೂ ಮೊಬೈಲ್ ಜಾಲವು ಬೇಕು.

ಇಲ್ಲಿಯೇ ಮುಖ್ಯವಾದ ಸಂಗತಿಯಿದೆ. ಕಾರು ಎಲ್ಲಿದೆ ಎಂಬುದು ಒಂದು ಪ್ರಶ್ನೆ. ರಸ್ತೆ ಎಲ್ಲಿದೆ ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಹೇಳುವುದು ಮನುಷ್ಯರು ಮೊದಲೇ ಸಿದ್ಧಪಡಿಸಿದ ನಕ್ಷೆ. ಆ ನಕ್ಷೆಯಲ್ಲಿ ಪ್ರತಿ ಕೂಡುರಸ್ತೆಯೂ ಒಂದು ಬಿಂದು, ಪ್ರತಿ ರಸ್ತೆಯೂ ಒಂದು ಗೆರೆ. ಗೆರೆಗೊಂದು ಕಾಲದ ಅಳತೆ. ಇವುಗಳಲ್ಲಿ ಬೇಗ ತಲುಪಿಸುವ ಗೆರೆಗಳ ಸರಣಿಯನ್ನು ಗಣಿತದಿಂದ ಆರಿಸುತ್ತಾರೆ. ನೆದರ್ಲೆಂಡ್ಸಿನ ಡೈಕ್‌ಸ್ಟ್ರ ಎಂಬವರು 1959ರಲ್ಲಿ ಪ್ರಕಟಿಸಿದ ವಿಧಾನವು ಇಂಥ ಲೆಕ್ಕಗಳಿಗೆ ತಳಹದಿಯಾಗಿದೆ. ಆದರೆ ನಕ್ಷೆಯಲ್ಲಿ ಗೆರೆಯಿದ್ದರೆ ನೆಲದ ಮೇಲೆ ರಸ್ತೆಯಿದೆಯೆಂದೇ ಗಣಿತವು ನಂಬುತ್ತದೆ.

ಈ ನಂಬಿಕೆಯು ಪ್ರಾಣಕ್ಕೆ ಎರವಾಗಲೂಬಹುದು. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ರಾಮಗಂಗಾ ನದಿಯ ಸೇತುವೆಯೊಂದರಿಂದ ಕಾರು ಕೆಳಕ್ಕೆ ಬಿದ್ದು ಮೂವರು ಸತ್ತರು. ಸೇತುವೆಯ ಒಂದು ಭಾಗವು ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಅವರು ದಾರಿ ತೋರುವ ನಕ್ಷೆಯನ್ನು ನೆಚ್ಚಿ ಬಂದಿದ್ದರೆಂದೂ ಅಲ್ಲಿ ಎಚ್ಚರಿಕೆಯ ತಡೆ ಇರಲಿಲ್ಲವೆಂದೂ ವರದಿಯಾಯಿತು. ಕಾರಿನ ಸ್ಥಾನವನ್ನು ಗಡಿಯಾರಗಳು ಸರಿಯಾಗಿ ಹೇಳಿದರೂ ಮುಂದೆ ಸೇತುವೆ ಇಲ್ಲವೆಂದು ತಿಳಿಸುವ ಶಕ್ತಿ ಅವುಗಳಿಗಿಲ್ಲ.

ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಘಟ್ಟಗಳಲ್ಲಿಯೂ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು. ಅಂಥ ಕಡೆ ಹೋಗುವವರು ಹೊರಡುವ ಮೊದಲೇ ನಕ್ಷೆಯನ್ನು ಉಪಕರಣದಲ್ಲಿ ಇಳಿಸಿಕೊಳ್ಳುವುದು, ರಾತ್ರಿಯ ವೇಳೆ ಕಿರುದಾರಿಗಳನ್ನು ಬಿಟ್ಟು ಹೆದ್ದಾರಿಯಲ್ಲೇ ಸಾಗುವುದು, ಸಂಶಯ ಬಂದಲ್ಲಿ ಕಾರನ್ನು ನಿಲ್ಲಿಸಿ ಸ್ಥಳೀಯರನ್ನು ವಿಚಾರಿಸುವುದು ಒಳ್ಳೆಯದು. ಆ ರಸ್ತೆಯಲ್ಲಿ ಅಂದು ಬೆಳಗ್ಗೆ ಬಸ್ಸು ಬಂದಿತೋ ಇಲ್ಲವೋ ಎಂಬುದನ್ನು ಅಂಗಡಿಯವನು ಬಲ್ಲನು.