ಗೆಳೆತನವೆಂಬ ಬಲೆ

ಅಪರಾಧವನ್ನು ಅಪರಾಧಿಯ ಬಾಯಿಂದಲೇ ಹೇಳಿಸಬೇಕೆಂಬುದು ಪೊಲೀಸರ ಹಳೆಯ ಹಂಬಲ. ಲಾಠಿ ಹೇಳಿಸಿದ ಮಾತಿಗೆ ನ್ಯಾಯಾಲಯ ಬೆಲೆ ಕೊಡುವುದಿಲ್ಲ. ಏಟಿಗೆ ಅಂಜಿದವನು ಏನನ್ನಾದರೂ ಒಪ್ಪಿಕೊಂಡಾನೆಂಬುದನ್ನು ನ್ಯಾಯಶಾಸ್ತ್ರ ಬಹುಕಾಲದಿಂದ ಬಲ್ಲದು. ಆದರೆ ಪ್ರೀತಿ ತೋರಿಸಿ ಹೇಳಿಸಿದ ಮಾತಿನ ಗತಿಯೇನು? ಕೆನಡಾ ದೇಶದ ಒಂದು ಮೊಕದ್ದಮೆ ಈ ಪ್ರಶ್ನೆಯನ್ನು ಎತ್ತಿತು.

ಆ ದೇಶದ ಮೂಡಲ ಅಂಚಿನ ನ್ಯೂಫೌಂಡ್‌ಲೆಂಡ್ ದ್ವೀಪದಲ್ಲಿ ಗ್ಯಾಂಡರ್ ಎಂಬ ಸರೋವರವಿದೆ. ೨೦೦೨ರ ಆಗಸ್ಟ್ ೪ರಂದು ಮೂರು ವರ್ಷದ ಅವಳಿ ಹೆಣ್ಣುಮಕ್ಕಳಿಬ್ಬರು ಅದರಲ್ಲಿ ಮುಳುಗಿ ಸತ್ತರು. ಜೊತೆಗಿದ್ದವನು ತಂದೆಯೊಬ್ಬನೇ. ಅವನ ಹೆಸರು ನಮಗೆ ಬೇಡ. ಈಜು ಬಾರದ ಆತ ನೀರಿಗಿಳಿಯಲಿಲ್ಲ; ಹೆಂಡತಿಯನ್ನು ಕರೆತರಲು ಕಾರಿನಲ್ಲಿ ಮನೆಗೆ ಧಾವಿಸಿದ. ದಾರಿಯಲ್ಲಿ ಆಸ್ಪತ್ರೆಯಿತ್ತು, ಅಲ್ಲಿ ನಿಲ್ಲಲಿಲ್ಲ. ಮಗುವೊಂದು ಆಡುತ್ತ ನೀರಿಗೆ ಬಿತ್ತೆಂದು ಮೊದಲು ಹೇಳಿದ. ಕೆಲವು ಕಾಲದ ಮೇಲೆ, ತನಗೆ ಆಗ ಮೂರ್ಛೆರೋಗ ಬಂದಿತ್ತೆಂದೂ, ಹೇಳಿದರೆ ವಾಹನದ ಲೈಸೆನ್ಸು ಹೋದೀತೆಂದು ಮುಚ್ಚಿಟ್ಟೆನೆಂದೂ ಮಾತು ಬದಲಿಸಿದ. ಸಂಶಯ ಬಲವಾಯಿತು, ಸಾಕ್ಷ್ಯ ಮಾತ್ರ ಇರಲಿಲ್ಲ.

ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಪೊಲೀಸರು ಒಂದು ನಾಟಕ ಹೂಡಿದರು. ಅಲಂಕಾರಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಅದಕ್ಕೆ ಮೊದಲೇ ರಚಿಸಿದ ದೃಶ್ಯಗಳಿದ್ದವು, ಒಟ್ಟು ೬೩. ಪಾತ್ರಧಾರಿಗಳೆಲ್ಲ ಮಾರುವೇಷದ ಪೊಲೀಸರು. ಇದು ನಾಟಕವೆಂದು ಅರಿಯದವನು ನಾಯಕನೊಬ್ಬನೇ! ತಾವೊಂದು ದುಷ್ಕರ್ಮಿಗಳ ಕೂಟದವರೆಂದು ಹೇಳಿಕೊಂಡು ಅವರು ಅವನ ಸ್ನೇಹ ಸಂಪಾದಿಸಿದರು. ಸರ್ಕಾರದ ಸಹಾಯಧನದಲ್ಲಿ ದಿನ ದೂಡುತ್ತ, ಹೆಂಡತಿಯ ಹೊರತು ಆಪ್ತರೆಂಬುವರಿಲ್ಲದೆ, ಮನೆಯಿಂದ ಹೊರಬೀಳುವುದೇ ಅಪರೂಪವಾಗಿದ್ದ ಮನುಷ್ಯ ಆತ. ಅಂಥವನಿಗೆ ಒಮ್ಮೆಲೇ ಕೆಲಸ ದೊರೆಯಿತು, ಸಂಗಾತಿಗಳು ದೊರೆತರು. ದೊಡ್ಡ ಹೋಟೆಲುಗಳ ಊಟ, ಮಾಂಟ್ರಿಯಲ್, ಟೊರಾಂಟೊ, ವ್ಯಾಂಕೂವರುಗಳ ಪ್ರಯಾಣ. ನಾಲ್ಕು ತಿಂಗಳಲ್ಲಿ ಅವನ ಕೈಸೇರಿದ ಹಣವೇ ೧೫,೦೦೦ ಡಾಲರಿಗೂ ಮಿಕ್ಕಿತು. ಇಡೀ ನಾಟಕಕ್ಕೆ ತಗುಲಿದ್ದು ೪,೧೩,೨೬೮ ಡಾಲರು. ನೀವು ನನಗೆ ಸಹೋದರರೆಂದು ಆತ ಆ ಪೊಲೀಸರಿಗೆ ಹೇಳಿದ. ಅವನು ಕೊಲೆಗಾರನೇ ಇರಲಿ, ಅಲ್ಲದಿರಲಿ, ಈ ಮಾತನ್ನು ಓದುವಾಗ ಮನಸ್ಸಿಗೆ ಕಸಿವಿಸಿಯಾಗದಿರದು.

ಕಟ್ಟಕಡೆಗೆ ಕೂಟದ ಯಜಮಾನನ ಪ್ರವೇಶ. ಈ ಪಾತ್ರಕ್ಕೆ ‘ಮಿಸ್ಟರ್ ಬಿಗ್’ ಎಂದು ಹೆಸರು. ತಂತ್ರಕ್ಕೂ ಅದೇ ಹೆಸರಾಗಿದೆ. ೨೦೦೫ರ ಜೂನ್ ೯ರಂದು ಯಜಮಾನ ಮಕ್ಕಳ ವಿಷಯವೆತ್ತಿದ. ಆತ ಮತ್ತೆ ಮೂರ್ಛೆಯ ಮಾತನ್ನೇ ಆಡಿದ. ಸುಳ್ಳು ಬೇಡವೆಂದು ಯಜಮಾನ ಗದರಿಸಿದ. ಆಗ, ಭುಜದಿಂದ ನೂಕಿ ನೀರಿಗೆ ಕೆಡವಿದೆನೆಂದು ಒಪ್ಪಿಕೊಂಡ. ಎರಡು ದಿನಗಳ ಮೇಲೆ ಸರೋವರದ ದಂಡೆಯಲ್ಲಿ ಅಭಿನಯಿಸಿ ತೋರಿಸುವಾಗ ಮೊಣಕಾಲಿನಿಂದ ನೂಕಿದ.

ಕೊಲ್ಲದವನು ಕೊಂದೆನೆಂದು ಏಕೆ ಹೇಳುತ್ತಾನೆ? ವಾಚಕರು ಹೀಗೆ ಕೇಳುವುದು ಸಹಜ. ಆ ಕೋಣೆಯಲ್ಲಿ ಒಪ್ಪಿಗೆಯೆಂದರೆ ಗಲ್ಲಲ್ಲ, ಸೆರೆಯಲ್ಲ. ಅದು ಕೂಟದಲ್ಲಿ ಉಳಿಯಲು ತೆರಬೇಕಾದ ಸುಂಕ. ನಿರಾಕರಿಸಿದರೆ ಮತ್ತೆ ಆ ಬಡ ಮನೆ, ಆ ಒಂಟಿತನ. ಅಧಿಕಾರಸ್ಥನ ಮುಂದೆ ಆಡಿದ ಒಪ್ಪಿಗೆ ಸ್ವಇಚ್ಛೆಯದೆಂದು ಸರ್ಕಾರ ರುಜುವಾತು ಮಾಡಬೇಕೆಂಬುದು ಕೆನಡಾದ ನಿಯಮ. ಆದರೆ ಎದುರಿಗಿರುವವನು ಅಧಿಕಾರಸ್ಥನೆಂದೇ ತಿಳಿಯದವನಿಗೆ ಆ ರಕ್ಷಣೆ ಒದಗುತ್ತಿರಲಿಲ್ಲ. (ನಮ್ಮಲ್ಲಿ ೧೮೭೨ರ ಸಾಕ್ಷ್ಯ ಕಾಯಿದೆಯ ೨೫ನೆಯ ಕಲಮು ಪೊಲೀಸ್ ಅಧಿಕಾರಿಗೆ ಹೇಳಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ಬಳಸಕೂಡದೆಂದು ಕಡ್ಡಾಯವಾಗಿ ಹೇಳಿತು. ೨೦೨೪ರ ಜುಲೈಯಿಂದ ಜಾರಿಗೆ ಬಂದ ಹೊಸ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ.)

೨೦೦೭ರಲ್ಲಿ ಜ್ಯೂರಿ ಅವನನ್ನು ಕೊಲೆಗಾರನೆಂದಿತು. ೨೦೧೪ರ ಜುಲೈ ೩೧ರಂದು ಕೆನಡಾದ ಸುಪ್ರೀಂ ಕೋರ್ಟು ಆ ಒಪ್ಪಿಗೆಯನ್ನು ತಳ್ಳಿಹಾಕಿತು. ಇಂಥ ಒಪ್ಪಿಗೆಗಳು ಮೇಲುನೋಟಕ್ಕೆ ಅಗ್ರಾಹ್ಯವೆಂದೇ ಭಾವಿಸಬೇಕು, ನಂಬಲರ್ಹವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು ನ್ಯಾಯಮೂರ್ತಿ ಮೋಲ್ಡೇವರ್ ಬರೆದರು. ತಂತ್ರವನ್ನು ಅವರು ನಿಷೇಧಿಸಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಇಂಥದೇ ಒಪ್ಪಿಗೆಯನ್ನು ಅಂಗೀಕರಿಸಿತು; ಅಲ್ಲಿ ಆಪಾದಿತ ತೋರಿಸಿದ ಜಾಗದಲ್ಲಿ ಸತ್ತವನ ಅವಶೇಷಗಳೇ ದೊರೆತಿದ್ದವು. ಗ್ಯಾಂಡರಿನಲ್ಲಿ ಮಾತಿಗೆ ಮಾತಿನ ಹೊರತು ಆಧಾರವಿರಲಿಲ್ಲ. ಸರ್ಕಾರ ಮೊಕದ್ದಮೆಯನ್ನು ಕೈಬಿಟ್ಟಿತು. ಒಂಬತ್ತು ವರ್ಷಗಳ ಸೆರೆವಾಸದ ಬಳಿಕ ಆತ ಹೊರಬಂದ. ಆ ಎರಡು ಮಕ್ಕಳಿಗೆ ಅಂದು ಏನಾಯಿತೆಂಬುದನ್ನು ನಾಲ್ಕು ಲಕ್ಷ ಡಾಲರಿನ ನಾಟಕ ಹೇಳದೆಯೇ ಮುಗಿಯಿತು.

೨೦೦೫ರ ಜೂನ್ ೧೩ರಂದು, ಬಂಧನವಾದೊಡನೆ, ಆತ ನೆರವು ಬೇಡಿ ದೂರವಾಣಿಯಲ್ಲಿ ಕರೆದದ್ದು ಕೂಟದ ತನ್ನ ಆಪ್ತ ಗೆಳೆಯನನ್ನು. ಎಂದರೆ, ಬಲೆಯನ್ನು ಹೆಣೆದ ಪೊಲೀಸಿನವನನ್ನೇ.